ಹರಕೆಗೆ ಯಾವ ಭಾಷೆ? ಹೊಸೂರು ಸೀಮೆಯಿಂದ ಬೆಂಗಳೂರಿನ ಮಾತೆ ಮರಿಯ ಮತ್ತು ಬಾಲಯೇಸುವಿನ ಯಾತ್ರೆ

ಗಡಿನಾಡಿನ ಸಂಸ್ಕೃತಿ ಕುರಿತ ಈ ಆನ್‌ಲೈನ್ ಸರಣಿಯಲ್ಲಿ ಹಿಂದಿನ ವಾರ ಮಾತಾಡಿದವರು ಹೊಸೂರು ಭಾಗದ ಶಾಸನಗಳ ಬಗ್ಗೆ ಹೇಳಿದರು. ನನ್ನ ವಿಷಯ ಅಷ್ಟು ಹಳೆಯದಲ್ಲ. ಪ್ರತಿ ಗುರುವಾರ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ ಹತ್ತುವವರಲ್ಲಿ ಕೆಲಸಕ್ಕೆ ಹೋಗೋರ ಜೊತೆಗೆ, ಮೇಣದಬತ್ತಿ ಹಚ್ಚೋಕೆ ಹೋಗೋರೂ ಇರ್ತಾರೆ. ನಾನು ಮಾತಾಡೋದು ಅವರ ಬಗ್ಗೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಮ್ಮದು ಕ್ರೈಸ್ತ ಮನೆತನವಲ್ಲ. ಆದರೂ ನಮ್ಮಮ್ಮ ಒಂಬತ್ತು ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗಿದ್ದರು. ನಾನು ಆಗ ಹತ್ತನೇ ತರಗತಿ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಮೇಲೇರುತ್ತಾ 2015-16ರಲ್ಲಿ ಹತ್ತನೇ ತರಗತಿಗೆ ಬಂತು. ಕನ್ನಡ, ತೆಲುಗು, ಉರ್ದು ಓದುತ್ತಿದ್ದ ಮಕ್ಕಳೂ ಮೊದಲ ಭಾಷೆಯಾಗಿ ತಮಿಳು ಪರೀಕ್ಷೆ ಬರೆಯಬೇಕು ಅನ್ನುವ ಪ್ರಶ್ನೆ ಆ ವರ್ಷ ಹೈಕೋರ್ಟಿನವರೆಗೂ ಹೋಯಿತು. ಕೋರ್ಟಿಗೆ ಹೋಗುವವರು ಕೋರ್ಟಿಗೆ ಹೋದರು, ನಮ್ಮಮ್ಮ ಬಾಲಯೇಸುವಿನ ಹತ್ತಿರ ಹೋದರು. "ಮಗು ವರ್ಷ ಕಳ್ಕೋಬಾರ್ದು" ಅಂತ ಕನ್ನಡದಲ್ಲೇ ಕೇಳಿಕೊಂಡರಂತೆ. ಆಗ ಗುಡಿಯೊಳಗೆ ತಮಿಳಿನಲ್ಲಿ ಪೂಜೆ ನಡೀತಿತ್ತಂತೆ. ತಮಿಳು ಪರೀಕ್ಷೆಯ ಭಯಕ್ಕೆ, ತಮಿಳು ಪೂಜೆಯ ಹೊತ್ತಿನಲ್ಲಿ, ಕನ್ನಡದ ಹರಕೆ! ಈ ಪ್ರಬಂಧ ಹುಟ್ಟಿದ್ದು ಅಲ್ಲಿಂದ.

1. ಊರೊಳಗಿನ ಯಾತ್ರೆ

ಯಾತ್ರೆ ಅಂದಕೂಡಲೇ ನಮಗೆ ಬೆಟ್ಟ, ಕಾಡು, ನದಿ ನೆನಪಾಗುತ್ತವೆ. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು, ಇರುಮುಡಿ ಹೊತ್ತು ಶಬರಿಮಲೆಗೆ ಹೋಗುವವರು. ಊರು ಬಿಟ್ಟು ದೂರ ಹೋಗುವುದೇ ಯಾತ್ರೆ ಅಂತ ನಮ್ಮ ಲೆಕ್ಕ. ಮಾನವಶಾಸ್ತ್ರಜ್ಞರಾದ ವಿಕ್ಟರ್ ಟರ್ನರ್ ಮತ್ತು ಎಡಿತ್ ಟರ್ನರ್ 1978ರ ತಮ್ಮ ಪುಸ್ತಕದಲ್ಲಿ ಕ್ರೈಸ್ತ ಯಾತ್ರೆಗಳನ್ನು ವಿವರಿಸಿದ್ದೂ ಹೆಚ್ಚುಕಡಿಮೆ ಹೀಗೇ. ಯಾತ್ರಿಕ ತನ್ನ ದಿನನಿತ್ಯದ ಜಾಗದಿಂದ ಹೊರಗೆ ಹೋಗ್ತಾನೆ. ಅಲ್ಲಿ ಅಂತಸ್ತು, ಜಾತಿ, ಹುದ್ದೆ ಸ್ವಲ್ಪ ಹೊತ್ತು ಕಳಚಿಬೀಳುತ್ತವೆ. ಎಲ್ಲರೂ ಒಂದು ಅನ್ನುವ ಭಾವ ಹುಟ್ಟುತ್ತದೆ.

ಆದರೆ ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್. ಅತ್ತಿಬೆಲೆ ದಾಟಿದರೆ ಕರ್ನಾಟಕ. ಅಲ್ಲಿಗೆ ನಮ್ಮ ಜನ ದಿನಾ ಹೋಗ್ತಾರೆ: ಕೆಲಸಕ್ಕೆ, ಆಸ್ಪತ್ರೆಗೆ, ಮದುವೆಯ ಸೀರೆಗೆ. 2025ರ ಆಗಸ್ಟ್‌ನಿಂದ ಬೊಮ್ಮಸಂದ್ರದವರೆಗೆ ಮೆಟ್ರೋ ಕೂಡ ಬಂದಿದೆ. ಹಾಗಾದರೆ ಇದು ಯಾತ್ರೆ ಹೇಗೆ? ನನ್ನ ಉತ್ತರ ಇಷ್ಟೇ: ಬೆಂಗಳೂರಿನಂಥ ಊರಿನಲ್ಲಿ ಯಾತ್ರೆಯನ್ನು ದೂರದಿಂದ ಅಳೆಯೋಕೆ ಆಗಲ್ಲ, ಹರಕೆಯಿಂದ ಅಳೆಯಬೇಕು. ಅದೇ ಬಸ್ಸು, ಅದೇ ಸಿಲ್ಕ್ ಬೋರ್ಡಿನ ಟ್ರಾಫಿಕ್ಕು. ಆದರೆ ಆವತ್ತು ಬೆಳಿಗ್ಗೆ ಉಪವಾಸ, ಕೈಯಲ್ಲಿ ಮೇಣದಬತ್ತಿ, ಮನಸ್ಸಿನಲ್ಲಿ ಒಂದು ಮಾತು.

2. ಬಿಳಿ ಅಕ್ಕಿಯೋ, ಬಿಳಿ ಹಕ್ಕಿಯೋ, ದೊರೆಯ ಹೆಸರೋ

ಮೊದಲು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕ ನೋಡೋಣ. ಬೆಂಗಳೂರಿನ ಅತ್ಯಂತ ಹಳೆಯ ಚರ್ಚು ಅಂತ ಇದನ್ನು ಕರೆಯುತ್ತಾರೆ. ಪರಂಪರೆ ಹೇಳುವ ಪ್ರಕಾರ ತಮಿಳುನಾಡಿನ ಸೆಂಜಿ, ಅಂದರೆ ಜಿಂಜಿ ಸೀಮೆಯಿಂದ ವಲಸೆ ಬಂದ ಕ್ರೈಸ್ತರು ಇಲ್ಲಿ ಹುಲ್ಲು ಹೊದಿಸಿದ ಒಂದು ಸಣ್ಣ ಪ್ರಾರ್ಥನಾಮಂದಿರ ಕಟ್ಟಿಕೊಂಡರು. ಅದರ ಹೆಸರು ಕಾಣಿಕೆ ಮಾತೆ ದೇವಾಲಯ. ಮುಂದೆ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರ ಕಾಲದಲ್ಲಿ, 1813ರಲ್ಲಿ, ಆ ಗುಡಿಸಲಿನ ಜಾಗದಲ್ಲಿ ಚಿಕ್ಕ ಕಟ್ಟಡ ಬಂತು. ಈಗ ನಾವು ನೋಡುವ ಗೋಥಿಕ್ ಶೈಲಿಯ ಎತ್ತರದ ಗೋಪುರದ ದೇವಾಲಯ ಪವಿತ್ರೀಕರಣಗೊಂಡದ್ದು 1882ರ ಸೆಪ್ಟೆಂಬರ್ 8ರಂದು. 1974ರಲ್ಲಿ ಇದು ಕಿರಿಯ ಬೆಸಿಲಿಕ ಆಯಿತು. ಕರ್ನಾಟಕದಲ್ಲಿ ಆ ಮನ್ನಣೆ ಪಡೆದ ಮೊದಲನೆಯದು ಇದು. ಕಾರ್ಕಳದ ಅತ್ತೂರಿಗೆ ಅದು 2016ರಲ್ಲಿ ಬಂತು, ಆಮೇಲೆ ಹರಿಹರದ ಆರೋಗ್ಯ ಮಾತೆಗೂ ಬಂತು.

ಭಾಷೆಯ ವಿದ್ಯಾರ್ಥಿಯಾಗಿ ನನಗೆ ಇಷ್ಟವಾದ ವಿಷಯ ಈ ಜಾಗದ ಹಳೆಯ ಹೆಸರು. ಬ್ಲಾಕ್‌ಪಳ್ಳಿ. ಸುತ್ತ ಬಿಳಿ ಅಕ್ಕಿ ಬೆಳೆಯುತ್ತಿದ್ದರು, ಬಿಳಿ ಅಕ್ಕಿ ಪಳ್ಳಿಯೇ ಬ್ಲಾಕ್‌ಪಳ್ಳಿ ಆಯಿತು ಅಂತ ಒಂದು ಕಥೆ. ಗದ್ದೆಗೆ ಬಿಳಿ ಹಕ್ಕಿಗಳು ಬರ್ತಿದ್ದವು, ಅದು ಬಿಳಿ ಹಕ್ಕಿ ಪಳ್ಳಿ ಅಂತ ಇನ್ನೊಂದು. ದಂಡಿನ ಪ್ರದೇಶವನ್ನು ರೂಪಿಸಿದ ಇಂಜಿನಿಯರ್ ಬ್ಲಾಕಿಸ್ಟನ್ ಹೆಸರಿನಿಂದ ಬಂತು ಅಂತ ಮೂರನೆಯದು. ಯಾವುದು ಸರಿ ಅನ್ನೋದಕ್ಕಿಂತ, ಒಂದೇ ಜಾಗವನ್ನು ರೈತರೂ ದಂಡಿನ ದೊರೆಗಳೂ ತಮ್ಮ ತಮ್ಮ ಕಿವಿಯಲ್ಲಿ ಕೇಳಿಸಿಕೊಂಡಿದ್ದಾರೆ ಅನ್ನೋದನ್ನ ಗಮನಿಸಿ. ಇಂಗ್ಲಿಷರ ದಂಡು ಬೆಂಗಳೂರಿಗೆ ಬಂದದ್ದು 1809ರಲ್ಲಿ. ದಂಡಿನ ಜೊತೆ ತಮಿಳು ಮಾತಾಡುವ ಸಿಪಾಯಿಗಳು, ಕೂಲಿಗಳು, ವ್ಯಾಪಾರಿಗಳು ಬಂದರು. ಪೇಟೆಯ ಕನ್ನಡ ಒಂದು ಕಡೆ, ದಂಡಿನ ತಮಿಳು ಇನ್ನೊಂದು ಕಡೆ. ಎರಡೂ ಒಂದೇ ನಗರಪಾಲಿಕೆಯಡಿ ಸೇರಿದ್ದು 1949ರಲ್ಲಿ.

"ಕಾಣಿಕೆ" ಅನ್ನುವ ಪದವನ್ನೂ ನೋಡಿ. ಕನ್ನಡದಲ್ಲಿ ಕಾಣಿಕೆ, ತಮಿಳಿನಲ್ಲಿ ಕಾಣಿಕ್ಕೈ. ಎರಡಕ್ಕೂ ಕಾಣ್ ಎಂಬುದೇ ಧಾತು. ದೊಡ್ಡವರನ್ನು ಕಾಣುವಾಗ ಕೈಯಲ್ಲಿ ಒಯ್ಯುವುದು ಕಾಣಿಕೆ. ಈ ಗುಡಿಯ ಮೊದಲ ಹೆಸರೇ ಎರಡೂ ಭಾಷೆಯವರಿಗೆ ಅನುವಾದ ಬೇಡದ ಪದ.

3. ಗಡಿ ಬರುವ ಮುಂಚೆ

ಹೊಸೂರಿನವರು ಬೆಂಗಳೂರಿನ ಮಾತೆಯ ಹತ್ತಿರ ಹೋಗುವುದನ್ನು "ಹೊರರಾಜ್ಯಕ್ಕೆ ಯಾತ್ರೆ" ಅಂತ ಬರೆದರೆ ಚರಿತ್ರೆ ತಪ್ಪಾಗುತ್ತದೆ. ಬಾರಾಮಹಲ್, ಅಂದರೆ ಕೃಷ್ಣಗಿರಿಯ ಸೀಮೆ, 1792ರವರೆಗೆ ಟಿಪ್ಪುವಿನ ಮೈಸೂರಿನ ಭಾಗ. ಹೊಸೂರು 1799ರವರೆಗೂ ಹಾಗೇ ಇತ್ತು. ಆಮೇಲೆ ಅವು ಮದರಾಸಿನ ಸೇಲಂ ಜಿಲ್ಲೆಗೆ ಸೇರಿದವು. 1956ರ ಭಾಷಾವಾರು ವಿಂಗಡಣೆಯಲ್ಲೂ ಅಲ್ಲೇ ಉಳಿದವು. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರಲ್ಲಿ.

ಕಥೋಲಿಕ ಧರ್ಮಸಭೆಯ ನಕ್ಷೆಯೂ ಹೀಗೆಯೇ ಮಡಚಿಕೊಂಡು ಬಿಚ್ಚಿಕೊಂಡು ಬಂದಿದೆ. 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ವ್ಯಾಕರಣ, ನಿಘಂಟು, ಧರ್ಮೋಪದೇಶದ ಪುಸ್ತಕ ಮಾಡಿದರು. ಅವರು ಶುರುಮಾಡಿದ ಮೈಸೂರು ಮಿಷನ್ನಿನಲ್ಲಿ ಇಂದಿನ ತಮಿಳುನಾಡಿನ ಪಶ್ಚಿಮದ ಊರುಗಳೂ ಇದ್ದವು. ಸೇಲಂ ಧರ್ಮಪ್ರಾಂತ್ಯ 1930ರಲ್ಲಿ ಆದಾಗ ಅದಕ್ಕೆ ಪಾಂಡಿಚೇರಿ ಮತ್ತು ಕುಂಭಕೋಣಂ ಜೊತೆಗೆ ಮೈಸೂರು ಧರ್ಮಪ್ರಾಂತ್ಯದಿಂದಲೂ ಜಾಗ ಬಿಟ್ಟುಕೊಟ್ಟರು. ಬೆಂಗಳೂರು 1940ರಲ್ಲಿ ಮೈಸೂರಿನಿಂದ ಬೇರೆಯಾಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. 1997ರಲ್ಲಿ ಸೇಲಂನಿಂದ ಧರ್ಮಪುರಿ ಬೇರೆಯಾಯಿತು. ಹೊಸೂರು, ಕೃಷ್ಣಗಿರಿ ಈಗ ಅದರಡಿ ಬರುತ್ತವೆ.

ಅಂದರೆ ಮೊಮ್ಮಗಳು ಇಂದು ಬೆಂಗಳೂರಿನ ಬಸ್ ಹತ್ತಿದರೆ, ಅವಳ ಮುತ್ತಜ್ಜಿ ಕಾಲದಲ್ಲಿ ಅದು ಹೊರಗಿನ ಧರ್ಮಪ್ರಾಂತ್ಯ ಆಗಿರಲಿಲ್ಲ. ಗೆರೆಗಳು ಆಮೇಲೆ ಬಂದವು, ಹರಕೆಯ ದಾರಿ ಮೊದಲೇ ಇತ್ತು.

ಇನ್ನೊಂದು ವಲಸೆಯನ್ನೂ ಸೇರಿಸಬೇಕು. 1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಕಾರ್ಖಾನೆ ಕೆಲಸಕ್ಕೆ ತಮಿಳುನಾಡಿನ ದಕ್ಷಿಣದ ಜಿಲ್ಲೆಗಳಿಂದಲೂ ಜನ ಬಂದರು, ಅವರಲ್ಲಿ ಕಥೋಲಿಕರೂ ಇದ್ದರು. ಹೀಗಾಗಿ ಹೊಸೂರಿನಲ್ಲಿ ಈಗ ಎರಡು ಬಗೆಯ ಯಾತ್ರಿಕರು. ಮನೆಯಲ್ಲಿ ಕನ್ನಡ ಅಥವಾ ತೆಲುಗು ಮಾತಾಡುವ ಹಳೆಯ ಮನೆಗಳವರು. ತಮಿಳನ್ನೇ ತಂದುಕೊಂಡು ಬಂದ ಹೊಸ ಮನೆಗಳವರು. ಇಬ್ಬರೂ ಒಂದೇ ಬಸ್ಸಿನಲ್ಲಿ.

4. ಸೆಪ್ಟೆಂಬರ್ 8: ಎರಡು ದಿಕ್ಕಿನ ದಾರಿ

ಆಗಸ್ಟ್ 29ಕ್ಕೆ ಶಿವಾಜಿನಗರದಲ್ಲಿ ಕೊಡಿ ಏರುತ್ತದೆ. ಅಲ್ಲಿಂದ ನೊವೇನ. ಸೆಪ್ಟೆಂಬರ್ 8, ಮಾತೆ ಮರಿಯಳ ಹುಟ್ಟುಹಬ್ಬ, ಅವತ್ತು ಸಂಜೆ ತೇರು. ಕರಾವಳಿಯಲ್ಲಿ ಅದೇ ದಿನ ಹೊಸ ತೆನೆಯ ಮೊಂತಿ ಹಬ್ಬ. ಶಿವಾಜಿನಗರದ ಮಾತೆಗೆ ಸೀರೆ ಉಡಿಸುತ್ತಾರೆ. ಭಕ್ತರು ಕಾವಿ ಬಟ್ಟೆ ಹಾಕುತ್ತಾರೆ. ಯುರೋಪಿನ ಚಿತ್ರಗಳಲ್ಲಿ ಮರಿಯಳ ಬಣ್ಣ ನೀಲಿ. ನಮ್ಮಲ್ಲಿ ಹರಕೆ ಹೊತ್ತವರ ಬಣ್ಣ ಕಾವಿ. ಯಾತ್ರಿಕ ದೇವರ ಬಣ್ಣ ಉಡಲಿಲ್ಲ, ಹರಕೆಯ ಬಣ್ಣ ಉಟ್ಟ.

ಅದೇ 11 ದಿನ ತಮಿಳುನಾಡಿನ ವೇಳಾಂಕಣ್ಣಿಯಲ್ಲೂ ಹಬ್ಬ. ಅಲ್ಲಿನ ಆರೋಗ್ಯ ಮಾತೆಯ ದೇವಾಲಯಕ್ಕೆ 1962ರಲ್ಲೇ ಬೆಸಿಲಿಕ ಪದವಿ ಬಂದಿತ್ತು. ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಿಂದ ಕಾವಿ ಉಟ್ಟ ಗುಂಪುಗಳು ವೇಳಾಂಕಣ್ಣಿಗೆ ನಡೆದು ಹೊರಡುತ್ತವೆ. ಚಿಕ್ಕ ತೇರಿನಂತೆ ಅಲಂಕರಿಸಿದ ಗಾಡಿಯಲ್ಲಿ ಮಾತೆಯ ಪ್ರತಿಮೆ, ಹಿಂದೆ ಜಪಸರ ಹಿಡಿದ ಜನ. ಅವರು ನಮ್ಮ ಹೊಸೂರು, ಶೂಲಗಿರಿ, ಕೃಷ್ಣಗಿರಿಯ ಹೆದ್ದಾರಿ ಹಿಡಿದು ಹೋಗ್ತಾರೆ. ಅಂದರೆ ನಮ್ಮ ಊರಿನವರು ಬೆಂಗಳೂರಿನ ಮಾತೆ ಕಡೆಗೆ ಬಸ್ಸಿನಲ್ಲಿ ಹೋಗುವ ಹೊತ್ತಿಗೆ, ಬೆಂಗಳೂರಿನವರು ನಮ್ಮ ಊರಿನ ಮೇಲೆ ಹಾದು ಇನ್ನೊಬ್ಬ ಮಾತೆ ಕಡೆಗೆ ನಡೀತಿರ್ತಾರೆ. ಒಂದೇ ರಸ್ತೆ. ಬೆಂಗಳೂರಿನಲ್ಲಿ ಅದರ ಹೆಸರು ಹೊಸೂರು ರಸ್ತೆ, ಹೊಸೂರಿನಲ್ಲಿ ಬೆಂಗಳೂರು ರಸ್ತೆ.

5. ವಿವೇಕನಗರದ ಗುರುವಾರ

ಬಾಲಯೇಸು ದೇವಾಲಯದ ಸ್ವಭಾವ ಬೇರೆ. ಇದು ಹಳೆಯ ದಂಡಿನ ಗುಡಿ ಅಲ್ಲ. ಧರ್ಮಕೇಂದ್ರವಾಗಿ ಬೆಳೆದದ್ದು 1960ರ ದಶಕದ ಕೊನೆಯಿಂದ ಈಚೆಗೆ. ಮೂಲ ಪ್ರತಿಮೆ ಇರುವುದು ಪ್ರಾಗ್ ನಗರದಲ್ಲಿ. ಸ್ಪೇನಿನಿಂದ ಹೋದ ಆ ಪುಟ್ಟ ಪ್ರತಿಮೆ 1628ರಲ್ಲಿ ಅಲ್ಲಿನ ಕಾರ್ಮೆಲ್ ಸನ್ಯಾಸಿಗಳಿಗೆ ಸಿಕ್ಕಿತು. ರಾಜನಂತೆ ಕಿರೀಟ, ಕೈಯಲ್ಲಿ ಗೋಳ, ಕಾಲಕಾಲಕ್ಕೆ ಬದಲಾಯಿಸುವ ಉಡುಪು. ಕೂಸಾದ ದೇವರನ್ನು ಅಲಂಕರಿಸುವುದು ನಮ್ಮ ಜನಕ್ಕೆ ಹೊಸದೇನಲ್ಲ, ಬಾಲಕೃಷ್ಣನ ತೊಟ್ಟಿಲು ಕಟ್ಟಿದ ಕೈಗಳು ಇವು. ಇಲ್ಲಿ ಗುರುವಾರ ವಿಶೇಷ ಪ್ರಾರ್ಥನೆ, ಜನವರಿ 14ಕ್ಕೆ ಹಬ್ಬ. ಸಂಕ್ರಾಂತಿಯ ಆಸುಪಾಸೇ.

ಹೊರಗಿನ ಅಂಗಡಿಗಳಲ್ಲಿ ಮೇಣದ ತೊಟ್ಟಿಲು, ಮೇಣದ ಮನೆ, ಮೇಣದ ಕೈ, ಕಾಲು ಸಿಗುತ್ತವೆ. ಮಗು ಬೇಕಾದವರು ತೊಟ್ಟಿಲು ಕೊಳ್ಳುತ್ತಾರೆ, ಸೈಟು ಕೊಂಡು ಮನೆ ಕಟ್ಟಲಾಗದವರು ಮನೆ ಕೊಳ್ಳುತ್ತಾರೆ. ಇದೂ ಒಂದು ಬರವಣಿಗೆ ಅಂತ ನನಗೆ ಅನ್ನಿಸುತ್ತದೆ. ಓದು ಬಾರದವರೂ, ಯಾವ ಭಾಷೆಯವರೂ ತಮ್ಮ ಅರ್ಜಿಯನ್ನು ಮೇಣದಲ್ಲಿ ಸಲ್ಲಿಸಬಹುದು. ನಮ್ಮಮ್ಮ ಕೊಂಡದ್ದು ಮಾತ್ರ ಬರೀ ಬತ್ತಿ. "ಪರೀಕ್ಷೆ ಪೇಪರು ಮೇಣದಲ್ಲಿ ಸಿಗಲಿಲ್ಲ" ಅಂತ ಈಗ ನಗ್ತಾರೆ.

6. ಪೀಠದ ಭಾಷೆ, ಹರಕೆಯ ಭಾಷೆ, ಸಂತೆಯ ಭಾಷೆ

ಈಗ ಮುಖ್ಯ ವಾದಕ್ಕೆ ಬರ್ತೀನಿ. ನಗರದ ಯಾತ್ರಾಸ್ಥಳದಲ್ಲಿ ಮೂರು ಭಾಷೆಗಳು ಏಕಕಾಲಕ್ಕೆ ಕೆಲಸ ಮಾಡುತ್ತವೆ.

ಮೊದಲನೆಯದು ಪೀಠದ ಭಾಷೆ. ಬಲಿಪೂಜೆ, ಪ್ರಬೋಧನೆ, ಹಾಡು ಯಾವ ಭಾಷೆಯಲ್ಲಿ ಅನ್ನುವ ಪ್ರಶ್ನೆ. 1963ರವರೆಗೆ ಇದು ದೊಡ್ಡ ಜಗಳ ಆಗಿರಲಿಲ್ಲ, ಯಾಕಂದ್ರೆ ಪೂಜೆ ಲ್ಯಾಟಿನ್ನಿನಲ್ಲಿತ್ತು. ಎಲ್ಲರಿಗೂ ಸಮಾನವಾಗಿ ಅರ್ಥವಾಗದ ಭಾಷೆ! ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪೂಜಾವಿಧಿಯ ಶಾಸನ ಜನರ ಭಾಷೆಗೆ ಬಾಗಿಲು ತೆರೆಯಿತು. ಆಗ "ಜನರು" ಅಂದರೆ ಯಾರು ಅನ್ನುವ ಪ್ರಶ್ನೆ ಹುಟ್ಟಿತು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳ ಹಂಚಿಕೆ ದಶಕಗಳ ಕಾಲ ಚಳವಳಿ, ಪ್ರತಿಭಟನೆಗಳಿಗೆ ಕಾರಣವಾಯಿತು. ನಾಡಿನ ಭಾಷೆಗೆ ಗುಡಿಯಲ್ಲಿ ಮೊದಲ ಜಾಗ ಬೇಕು ಅನ್ನೋದು ಕನ್ನಡ ಕ್ರೈಸ್ತರ ಬೇಡಿಕೆ. ತಲೆಮಾರುಗಳಿಂದ ಈ ಗುಡಿಗಳನ್ನು ಕಟ್ಟಿ ಬೆಳೆಸಿದವರು ನಾವೂ ಹೌದು ಅನ್ನೋದು ತಮಿಳು ಭಕ್ತರ ನೋವು. ಎರಡನ್ನೂ ಕೇಳಿಸಿಕೊಳ್ಳಬೇಕು.

ಎರಡನೆಯದು ಹರಕೆಯ ಭಾಷೆ. ಇದು ಪಿಸುಮಾತು. ಇದಕ್ಕೆ ಮೈಕ್ ಇಲ್ಲ, ವೇಳಾಪಟ್ಟಿಯಲ್ಲಿ ಜಾಗ ಬೇಕಿಲ್ಲ. "ಹರಕೆ" ಪದವನ್ನೇ ನೋಡಿ: ಹಳಗನ್ನಡದ ಪರಸು, ಪರಕೆಯಿಂದ ಬಂದದ್ದು. ಹರಸು, ಹಾರೈಸುವ ಮಾತು. ತಮಿಳಿನಲ್ಲಿ ಇದೇ ಕ್ರಿಯೆಗೆ ನೇರ್ತ್ತಿಕ್ಕಡನ್ ಅಂತಾರೆ, ಅಲ್ಲಿರುವ ಕಡನ್ ಅಂದರೆ ಸಾಲ. ಕನ್ನಡದ ಪದ ಮಾತಿನ ಕಡೆಯಿಂದ ಬಂತು, ತಮಿಳಿನ ಪದ ಸಾಲದ ಕಡೆಯಿಂದ. ಆದರೆ ನಾವೂ ಹರಕೆಯನ್ನು "ತೀರಿಸ್ತೀವಿ", ಸಾಲ ತೀರಿಸಿದ ಹಾಗೇ. ಭಾಷೆ ಬೇರೆ, ಲೆಕ್ಕ ಒಂದೇ.

ಮೂರನೆಯದು ಸಂತೆಯ ಭಾಷೆ. ಬೆಸಿಲಿಕದ ಪಕ್ಕದಲ್ಲೇ ರಸೆಲ್ ಮಾರ್ಕೆಟ್ಟು, ಬಸ್‌ಸ್ಟ್ಯಾಂಡು, ಮಸೀದಿಗಳು. ಹೂ, ಬತ್ತಿ ಮಾರುವವರು ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡ್ತಾರೆ. ಅವರಿಗೆ ಗಿರಾಕಿ ಮುಖ್ಯ.

ಈ ಮೂರನ್ನು ಬೇರೆ ಬೇರೆಯಾಗಿ ನೋಡದೇ ಇದ್ದರೆ ಎರಡು ತಪ್ಪು ಆಗುತ್ತವೆ. ಸಂತೆಯನ್ನಷ್ಟೇ ನೋಡಿದವರು "ಎಲ್ಲ ಧರ್ಮದವರೂ, ಎಲ್ಲ ಭಾಷೆಯವರೂ ಬರ್ತಾರೆ, ಎಂಥ ಸೌಹಾರ್ದ" ಅಂತ ಬರೆದು ಮುಗಿಸ್ತಾರೆ. ಪೀಠವನ್ನಷ್ಟೇ ನೋಡಿದವರು "ಇಲ್ಲಿ ಬರೀ ಜಗಳ" ಅಂತ ಬರೀತಾರೆ. ಟರ್ನರ್ ದಂಪತಿಯ "ಎಲ್ಲರೂ ಒಂದು" ಅನ್ನುವ ವಾದಕ್ಕೆ ಉತ್ತರವಾಗಿ 1991ರಲ್ಲಿ ಜಾನ್ ಈಡ್ ಮತ್ತು ಮೈಕಲ್ ಸಾಲ್ನೋ ಸಂಪಾದಿಸಿದ ಪುಸ್ತಕ, ಯಾತ್ರಾಸ್ಥಳ ಅನ್ನೋದು ಪೈಪೋಟಿಯ ಅರ್ಥಗಳು ಎದುರಾಗುವ ಜಾಗ ಅಂತ ವಾದಿಸಿತು. ನಮ್ಮ ಉದಾಹರಣೆಯಲ್ಲಿ ಎರಡೂ ನಿಜ. ಹರಕೆಯ ಮಟ್ಟದಲ್ಲಿ ಟರ್ನರ್, ಪೀಠದ ಮಟ್ಟದಲ್ಲಿ ಈಡ್ ಮತ್ತು ಸಾಲ್ನೋ.

ಹೊಸೂರಿನ ಹಳೆಯ ಕನ್ನಡ ಮನೆಗಳಿಗೆ ಇದು ಬರೀ ಸಿದ್ಧಾಂತ ಅಲ್ಲ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಜಪಸರದ ಪ್ರಾರ್ಥನೆ ಕನ್ನಡದಲ್ಲಿ ಬಾಯಿಪಾಠ. ಊರಿನ ಗುಡಿಯಲ್ಲಿ ಪೂಜೆ ತಮಿಳು. ಮೊಮ್ಮಕ್ಕಳು ತಮಿಳು, ಇಂಗ್ಲಿಷ್ ಓದಿದವರು. ಬೆಂಗಳೂರಿಗೆ ಬಂದರೆ ಅಜ್ಜಿ ಕನ್ನಡ ಪೂಜೆಯ ಹೊತ್ತು ನೋಡಿಕೊಂಡು ಬರ್ತಾರೆ, ಮೊಮ್ಮಕ್ಕಳು ತಮಿಳು ಪೂಜೆಗೆ ನಿಲ್ಲೋಣ ಅಂತಾರೆ. "ಅಲ್ಲಿ ನಾವು ಕನ್ನಡದೋರು, ಇಲ್ಲಿ ಬಂದ್ರೆ ತಮಿಳುನಾಡಿನೋರು ಅಂತಾರೆ. ಮಾತೆಗೆ ಮಾತ್ರ ಗೊತ್ತೈತೆ ನಾವ್ ಯಾರು ಅಂತ" ಅಂದರು ಅಜ್ಜಿ. ಆ ಪ್ರಾರ್ಥನೆಯನ್ನು ಅವರ ಮನೆಯಲ್ಲಿ ಅವರ ನಂತರ ಕನ್ನಡದಲ್ಲಿ ಹೇಳುವವರಿಲ್ಲ. ಪೀಠದ ಭಾಷೆಗಾಗಿ ಹೋರಾಟ ಮಾಡೋಕೆ ಸಂಘಟನೆಗಳಿವೆ. ಜಪಸರದ ಭಾಷೆ ಒಂದೊಂದೇ ಮಣಿಯಾಗಿ ಮನೆಯೊಳಗೇ ಉದುರಿಹೋಗುತ್ತದೆ, ಅದಕ್ಕೆ ಪ್ರತಿಭಟನೆ ಇರೋದಿಲ್ಲ. ಗಡಿನಾಡಿನ ಕನ್ನಡದ ಬಗ್ಗೆ ನಾವು ಶಾಲೆ, ಬೋರ್ಡು, ಪರೀಕ್ಷೆ ಅಂತ ಮಾತಾಡ್ತೀವಿ. ಪ್ರಾರ್ಥನೆಯನ್ನೂ ಆ ಪಟ್ಟಿಗೆ ಸೇರಿಸಬೇಕು.

7. ನಿಲ್ದಾಣದ ಹೆಸರು

2025ರ ಸೆಪ್ಟೆಂಬರ್ 8ರ ಹಬ್ಬದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಶಿವಾಜಿನಗರದ ಮೆಟ್ರೋ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡಲು ಶಿಫಾರಸು ಮಾಡುವ ಭರವಸೆ ಕೊಟ್ಟರು. ಮರುದಿನದಿಂದಲೇ ಪರವಿರೋಧ ಚರ್ಚೆ. ಶಂಕರ್ ನಾಗ್ ಹೆಸರಿಡಿ ಅಂದವರೂ ಇದ್ದರು. ಬ್ಲಾಕ್‌ಪಳ್ಳಿಯ ಮೂರು ಕಥೆ ನೆನಪಿಸಿಕೊಳ್ಳಿ. ಈ ಜಾಗಕ್ಕೆ ಯಾವ ಹೆಸರು ಅಂತ ಜನ ವಾದ ಮಾಡೋದು ಹೊಸದಲ್ಲ. ಹೊಸದು ಅಂದರೆ ಬೋರ್ಡಿನಲ್ಲಿ ಒಂದೇ ಹೆಸರಿಗೆ ಜಾಗ ಇರೋದು. ಜನರ ಬಾಯಲ್ಲಿ ಮೂರೂ ಹೆಸರು ಒಟ್ಟಿಗೆ ಬದುಕಿದ್ದವು.

ಇಲ್ಲಿಗೆ ನನ್ನ ಮಾತು ಮುಗಿಸ್ತೀನಿ. ಪ್ರಶ್ನೆಗಳಿದ್ದರೆ ಕೇಳಬಹುದು.

ಚರ್ಚೆ

ಪ್ರಶ್ನೆ: ಬೇರೆ ಧರ್ಮದವರು ಬಾಲಯೇಸುವಿಗೆ ಹರಕೆ ಹೊರುವುದನ್ನು ಮತಾಂತರದ ಮೊದಲ ಹೆಜ್ಜೆ ಅಂತ ಕೆಲವರು ಹೇಳ್ತಾರಲ್ಲ?

ಉತ್ತರ: ಬೆಂಗಳೂರಿನ ಕರಗ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುತ್ತದೆ, ಕರಗ ಕರಗವಾಗಿಯೇ ಉಳಿದಿದೆ. ನಮ್ಮಮ್ಮ ಒಂಬತ್ತು ಗುರುವಾರ ಮುಗಿಸಿ, ಹತ್ತನೇ ವಾರ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ ಹತ್ತಿದರು. ಅವರಿಗೆ ಅದು ಎರಡು ಧರ್ಮ ಅನ್ನಿಸಲಿಲ್ಲ, ಎರಡು ಸಾಲ ಅನ್ನಿಸಿತು. ಹರಕೆಯನ್ನು ನಂಬಿಕೆಯ ಘೋಷಣೆ ಅಂತ ಓದುವುದಕ್ಕಿಂತ ಕಷ್ಟದ ಘೋಷಣೆ ಅಂತ ಓದೋದು ಸರಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಅಜ್ಜಿಯ ಕನ್ನಡ ಪ್ರಾರ್ಥನೆಗಳನ್ನು ದಾಖಲು ಮಾಡಿದ್ದೀರಾ?

ಉತ್ತರ: ಶುರು ಮಾಡಿದ್ದೀನಿ. ಮೊದಲ ದಿನ ಫೋನು ಎದುರಿಗೆ ಇಟ್ಟಾಗ ಅವರು ಸುಮ್ಮನಾಗಿಬಿಟ್ಟರು. "ಇದು ಹಾಡಲ್ಲ ಕಣವ್ವ, ಕೇಳೋಕೆ, ನೀನೂ ಜೊತೆಗೆ ಹೇಳು" ಅಂದರು. ಈಗ ಅವರು ಅರ್ಧ ಹೇಳ್ತಾರೆ, ಉಳಿದರ್ಧ ನಾನು. ಪಾಠ ಹಾಗೇ ತಯಾರಾಗ್ತಾ ಇದೆ.